ಕಿಡಿ ಹೊತ್ತ ಅತ್ತೆ

ಹೊಸ್ತಿಲು ದಾಟುವ ಮುನ್ನ ಅವರು ತಮ್ಮ ಮೈಯನ್ನು ತಾವೇ ಒಮ್ಮೆ ತಡವಿಕೊಳ್ಳುತ್ತಿದ್ದರು. ಮೊದಲು ಕೊರಳು, ಆಮೇಲೆ ಎದೆಯ ಎಡಭಾಗ, ಅಲ್ಲಿಂದ ಸೊಂಟ, ಕೊನೆಗೆ ಮೆಲ್ಲನೆ ಬಗ್ಗಿ ಬಲಗಾಲಿನ ಬೂಟಿನ ಅಂಚು. ಅವಸರವಿಲ್ಲದ, ಆದರೆ ಒಂದು ಸ್ಥಾನವನ್ನೂ ಮರೆಯದ ಆ ಹಸ್ತಸಂಚಾರದಲ್ಲಿ ಎಂಥದೋ ಗಾಂಭೀರ್ಯವಿತ್ತು; ಎದುರುಗಡೆಯ ಔಷಧಿ ಅಂಗಡಿಯವರು ಬಹುಕಾಲ ಅದನ್ನು ಪ್ರಾರ್ಥನೆಯೆಂದೇ ಭಾವಿಸಿ, ಅವರು ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ಗಿರಾಕಿಯೊಡನೆ ಆಡುತ್ತಿದ್ದ ಮಾತು ನಿಲ್ಲಿಸಿ ತಲೆ ತಗ್ಗಿಸುತ್ತಿದ್ದರು. ಭಕ್ತಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅವರು ಎಣಿಸಿಕೊಳ್ಳುತ್ತಿದ್ದದ್ದು ಬೆಂಕಿಯನ್ನು. ಕಿಡಿ ಹೊಮ್ಮಿಸುವ ಒಂದಲ್ಲ ಒಂದು ಸಾಧನ ಮೈಯ ಈ ನಾಲ್ಕೂ ಕಡೆ ಇದೆಯೆಂದು ಖಾತ್ರಿಯಾಗದೆ ಅವರು ತರಕಾರಿ ತರಲಿಕ್ಕೂ ಹೋದವರಲ್ಲ. ಸಿಗರೇಟಿನ ಹೊಗೆ ಕಂಡರೆ ಮೂಗು ಮುಚ್ಚಿಕೊಳ್ಳುವ, ಗುಂಡಿ ಒತ್ತಿದರೆ ತಾನೇ ಹೊತ್ತಿಕೊಳ್ಳುವ ಒಲೆಯಿದ್ದ ಅಡುಗೆಮನೆಯ ಈ ಒಡತಿಗೆ ಇಷ್ಟೊಂದು ಬೆಂಕಿ ಯಾತಕ್ಕೆ ಎಂಬುದು ಬೀದಿಗೆ ಬೀದಿಯೇ ಕೇಳಿಕೊಂಡು ಸುಸ್ತಾಗಿದ್ದ ಪ್ರಶ್ನೆ.

ಮದುವೆಗೆ ಮೊದಲು ಸೊಸೆಯ ಕಿವಿಗೆ ಬಿದ್ದ ಮಾತೂ ಅದೇ ಬೆಂಕಿಯದು. "ಹುಡುಗ ಚಿನ್ನದಂಥೋನು, ಆದ್ರೆ ಅತ್ತೆ ಬೆಂಕಿ ಅಂತೆ, ನೋಡ್ಕೊಳಮ್ಮ" ಎಂದು ಅವಳ ದೊಡ್ಡಮ್ಮ ಎಲ್ಲೋ ಕೇಳಿದ್ದನ್ನು ತಂದು ಒಪ್ಪಿಸಿದ್ದರು. ಸೊಸೆ ಹೊಲಿಗೆ ಕಲಿತು ಸ್ವಂತ ಅಂಗಡಿ ನಡೆಸುತ್ತಿದ್ದವಳು, ಹೆದರುವ ಪೈಕಿಯಲ್ಲ. ಬೆಂಕಿಯಾದರೆ ತಾನು ನೀರಾಗುತ್ತೇನೆ, ಅದಕ್ಕೂ ಬಗ್ಗದಿದ್ದರೆ ತಾನೂ ಒಂದಿಷ್ಟು ಸೀಮೆಎಣ್ಣೆಯಾಗುತ್ತೇನೆ ಎಂದು ಸಿದ್ಧಳಾಗಿಯೇ ಆ ಮನೆ ಹೊಕ್ಕಿದ್ದಳು. ಒಳಗೆ ಸಿಕ್ಕಿದ್ದು, ಎರಡನೆಯ ಲೋಟ ಚಹಾ ಬೇಕಾದರೆ "ಇನ್ನೊಂಚೂರು ಇದ್ಯಾ ಮಗು?" ಎಂದು ಸಂಕೋಚದಿಂದ ಕೇಳುವ, ದನಿಯೇರಿಸುವುದೇ ತಿಳಿಯದ, ಉದ್ದನೆಯ ಸೊರಗಿದ ಹೆಂಗಸು. ಜಗಳಕ್ಕೆಂದು ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಹಾಗೇ ಗಂಟಿನಲ್ಲುಳಿದವು. ಜನ ಹೇಳಿದ ಬೆಂಕಿ ಅತ್ತೆಯ ನಾಲಿಗೆಯಲ್ಲಿರಲಿಲ್ಲ, ಜೇಬಿನಲ್ಲಿತ್ತು ಎಂಬುದು ಅವಳಿಗೆ ತಿಳಿದದ್ದು ನಿಧಾನವಾಗಿ.

ಅತ್ತೆಯ ಉದ್ಯೋಗ ನದಿ ಅಳೆಯುವುದು. ಗುಡ್ಡಗಳ ಸಂದಿಯಲ್ಲಿ ಹರಿಯುವ ಹೊಳೆಗಳಲ್ಲಿ ಅಲ್ಲಲ್ಲಿ ಅಂಕಿ ಬರೆದ ಕಂಬಗಳನ್ನು ನೆಟ್ಟಿರುತ್ತಾರೆ. ಅಲ್ಲಿಗೆ ಹೋಗಿ ನೀರು ಯಾವ ಅಂಕಿಯವರೆಗೆ ಏರಿದೆ ಎಂದು ನೋಡಬೇಕು, ಸರಳಿನ ತುದಿಯ ಪುಟ್ಟ ಚಕ್ರವನ್ನು ಪ್ರವಾಹದಲ್ಲಿ ಇಳಿಬಿಟ್ಟು ವೇಗ ಅಳೆಯಬೇಕು, ಕಚೇರಿಗೆ ತಿಳಿಸಬೇಕು. ತಾರುಣ್ಯದಿಂದ ನಿವೃತ್ತಿಯ ಅಂಚಿನವರೆಗೆ ಇದೊಂದೇ ಕೆಲಸ ಮಾಡಿದ್ದರಿಂದ ಅವರ ನಡಿಗೆಯೇ ಬೇರೆಯಾಗಿಬಿಟ್ಟಿತ್ತು. ಒಣ ರಸ್ತೆಯಲ್ಲೂ ಅವರು ಹೆಜ್ಜೆಯನ್ನು ಮೊದಲು ಮುಂದಿಟ್ಟು, ನೆಲ ಒಪ್ಪಿತೆಂದು ತಿಳಿದ ಮೇಲಷ್ಟೇ ಮೈಭಾರ ಅದರ ಮೇಲೆ ಬಿಡುವರು. ಎದುರಿನಿಂದ ಕಾಣದ ಸೆಳೆತವೊಂದು ಬರುತ್ತಿದೆಯೋ ಎಂಬಂತೆ ಒಂದು ಭುಜವನ್ನು ಸದಾ ಮುಂದಕ್ಕೆ ಚಾಚಿ, ಅಡ್ಡಡ್ಡವಾಗಿ, ಕಾಲುದಾರಿಯ ಅಂಚಿನಲ್ಲಿ ಸಾಗುವರು. ಸಂತೆಯ ಜನಜಂಗುಳಿಯಲ್ಲಿ ಅವರ ಜೊತೆ ನಡೆಯುವುದೆಂದರೆ ತುಂಬಿದ ಹೊಳೆ ದಾಟಿದ ಹಾಗೆ ಎಂದು ಸೊಸೆ ಗಂಡನ ಹತ್ತಿರ ನಗುತ್ತಿದ್ದಳು.

ಇನ್ನು ಮಾತು. ಯಾವ ವಸ್ತು ತೋರಿಸಿದರೂ, ಯಾವ ಸುದ್ದಿ ಹೇಳಿದರೂ, ಅತ್ತೆಯ ಬಾಯಿಂದ ಬರುತ್ತಿದ್ದದ್ದು ಒಂದೇ ಪ್ರಶ್ನೆ: "ಒದ್ದೆಯಾದ್ರೆ?" ಮಗ ಹೊಸ ಸೋಫಾ ತಂದ ದಿನ ಅದರ ಮೇಲೆ ಕೂತು, ಕೈಯಾಡಿಸಿ, "ಮೆತ್ತಗಿದೆ. ಒದ್ದೆಯಾದ್ರೆ?" ಎಂದರು. ಸೊಸೆ ಅಂಗಡಿಗೆ ಹೊಸ ಬೋರ್ಡು ಬರೆಸಿದಾಗ ರಸ್ತೆಯಾಚೆ ನಿಂತು ನೋಡಿ, "ಅಕ್ಷರ ಮುತ್ತಿನ ಹಾಗಿದೆ. ಒದ್ದೆಯಾದ್ರೆ?" ಎಂದರು. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಅವರ ಮಗ ಇದಕ್ಕೆ ಹುಟ್ಟಿದಾಗಿನಿಂದ ಒಗ್ಗಿಕೊಂಡವನು. "ನಿನ್ನನ್ನ ಮೊದಲನೇ ಸಲ ತೋರಿಸಿದಾಗ ಮಾತ್ರ ಕೇಳ್ಲಿಲ್ಲ ಕಣೆ," ಎನ್ನುತ್ತಿದ್ದ ಹೆಂಡತಿಗೆ, "ಈ ಮನೇಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇಲ್ಲ."

ಒಮ್ಮೆ ಅವನು ಸಂಗೀತ ಸಭಾಂಗಣಕ್ಕೆ ಟಿಕೆಟ್ ತಂದು ತಾಯಿಯನ್ನೂ ಹೆಂಡತಿಯನ್ನೂ ಕರೆದೊಯ್ದ. ಬಾಗಿಲ ಬಳಿಯ ಯಂತ್ರ ಅತ್ತೆಯನ್ನು ಕಂಡದ್ದೇ ಕಿರುಚಿಕೊಂಡಿತು. ಕಾವಲುಗಾರ ತಟ್ಟೆ ಮುಂದಿಟ್ಟ; ಅತ್ತೆ ಕೊರಳಿನಿಂದ, ಎದೆಯಿಂದ, ಸೊಂಟದಿಂದ, ಬೂಟಿನಿಂದ ಒಂದೊಂದನ್ನೇ ತೆಗೆತೆಗೆದು ಅದರಲ್ಲಿಟ್ಟರು. ಹಿಂದೆ ನಿಂತ ಸಾಲು ಬೆಳೆಯುತ್ತಿತ್ತು. ಕಾವಲುಗಾರ ತಟ್ಟೆಯನ್ನೊಮ್ಮೆ ಅವರನ್ನೊಮ್ಮೆ ನೋಡಿ, "ಅಮ್ಮಾ, ತಾವು ಹಾಡು ಕೇಳೋಕೆ ಬಂದ್ರೋ, ಕಾಡು ಸುಡೋಕೆ ಬಂದ್ರೋ?" ಎಂದ. "ವಾಪಸ್ ಹೋಗೋವಾಗ ಒದ್ದೆಯಾದ್ರೆ?" ಎಂದರು ಅತ್ತೆ, ಅದೇ ತಗ್ಗಿದ ದನಿಯಲ್ಲಿ. ಒಳಗೆ ಹೋದವರು ಅರ್ಧ ಕಾರ್ಯಕ್ರಮ ಬರಿದಾದ ಕೊರಳ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದು, ಬಿಡುವಿನಲ್ಲಿ ಎದ್ದುಹೋಗಿ, ಉಳಿದರ್ಧವನ್ನು ಕಾವಲುಗಾರನ ಮೇಜಿನ ಪಕ್ಕದ ಸ್ಟೂಲಿನಲ್ಲಿ, ಬಾಗಿಲ ಸಂದಿಯಿಂದ ಸೋರಿಬಂದಷ್ಟು ಸಂಗೀತ ಕೇಳುತ್ತ ಕಳೆದರು. ಮಗ, ಸೊಸೆ ಹೊರಗೆ ಬರುವ ಹೊತ್ತಿಗೆ ಅತ್ತೆಗೂ ಕಾವಲುಗಾರನಿಗೂ ಎಂಥ ಗೆಳೆತನವಾಗಿತ್ತೆಂದರೆ, ಬೆಂಕಿಕಡ್ಡಿಯ ತಲೆಯನ್ನು ಕರಗಿದ ಮೇಣದಲ್ಲಿ ಎಷ್ಟು ಅದ್ದಬೇಕು, ಎಷ್ಟು ಅದ್ದಬಾರದು ಎಂದು ಆತ ಬೆರಳಲ್ಲಿ ಅಳತೆ ಹಿಡಿದು ಕೇಳುತ್ತಿದ್ದ.

ಸೊಸೆಯ ಕುತೂಹಲ ಕೆರಳಿದ್ದು ಕೋಟಿನಿಂದ. ಅತ್ತೆಯ ಕೋಟಿನ ಬಣ್ಣ ಮೂಲದಲ್ಲಿ ಏನಿತ್ತೋ ಹೇಳುವವರಿಲ್ಲ. ಹೊಳೆಯ ಕೆಸರು, ಬಿಸಿಲು, ಪಾಚಿ ಸೇರಿ ಅದಕ್ಕೆ ತಮ್ಮದೇ ಒಂದು ಬಣ್ಣ ಕಟ್ಟಿದ್ದವು. ಲೈನಿಂಗ್ ಹರಿದು ನೇತಾಡುತ್ತಿದ್ದರೂ ಅವರು ಅದನ್ನು ಯಾರ ಕೈಗೂ ಕೊಟ್ಟವರಲ್ಲ. ಸೊಸೆ ಬೆನ್ನುಬಿಡದೆ ಕಾಡಿದ ಮೇಲೆ ಒಂದು ಭಾನುವಾರ, ಮಗುವನ್ನು ಮೊದಲ ಸಲ ಶಾಲೆಗೆ ಬಿಡುವ ತಾಯಿಯ ಮುಖ ಮಾಡಿಕೊಂಡು, ಕೊಟ್ಟರು. ಅವಳು ಅಂಗಡಿಯ ಮೇಜಿನ ಮೇಲೆ ಹರವಿ ಹೊಲಿಗೆ ಬಿಚ್ಚಿದಳು. ಒಳಗೆ ಕಂಡದ್ದು ಒಬ್ಬರೇ ಕೂತು ಹಲವು ವರ್ಷ ಮಾಡಿದ ಸಂಶೋಧನೆ. ಕಾಲರಿನ ಮಡಿಕೆಯಲ್ಲಿ, ತೋಳಿನ ಸಂದಿಯಲ್ಲಿ, ಬೆನ್ನಿನ ನಡುವೆ ಕೂಡ ಕೈಹೊಲಿಗೆಯ ಪುಟ್ಟ ಪುಟ್ಟ ಚೀಲಗಳು. ಕೆಲವು ಬಳಕೆಯಲ್ಲಿದ್ದವು, ಹಲವನ್ನು ಪ್ರಯೋಗಿಸಿ ಕೈಬಿಟ್ಟು ಬಾಯಿ ಹೊಲಿದಿದ್ದರು. ಹೊಲಿಗೆ ಒರಟು, ಆದರೆ ಎಲ್ಲೂ ಬಿಟ್ಟಿರಲಿಲ್ಲ.

ಅಂದು ಸಂಜೆ ಚಹಾದ ಜೊತೆಗೆ ಸೊಸೆ ಒಂದೊಂದನ್ನೇ ಕೇಳಿದಳು. ಯಾರೂ ಇಷ್ಟು ಶ್ರದ್ಧೆಯಿಂದ ಕೇಳಿದವರಿರಲಿಲ್ಲವೋ ಏನೋ, ಅತ್ತೆಯ ಕಣ್ಣು ಬೆಳಗಿತು. ಕೊರಳಿನಿಂದ ದಾರ ಎಳೆದು, ಅದರ ತುದಿಯಲ್ಲಿ ತೂಗುತ್ತಿದ್ದ ಕಿರುಬೆರಳಿನಷ್ಟು ಉದ್ದದ ಕಪ್ಪು ಲೋಹದ ಕಡ್ಡಿ ತೋರಿಸಿದರು. ಉಕ್ಕಿನ ಅಂಚಿನಿಂದ ಗೀರಿದರೆ ಕಿಡಿಯ ಮಳೆ ಸುರಿಸುವ ಅದನ್ನು ಅವರು ಕಿಡಿಕಡ್ಡಿ ಎನ್ನುತ್ತಿದ್ದರು.

"ಇದಕ್ಕೆ ನೀರು ಏನೂ ಮಾಡಲ್ಲ. ಆದ್ರೆ ಬೆವರಿನ ಉಪ್ಪು ತಿಂದುಹಾಕತ್ತೆ. ಅದಕ್ಕೆ ಉಗುರುಬಣ್ಣ ಬಳೀತೀನಿ."

ಬಣ್ಣ ಕಾಣದ ಉಗುರುಗಳ ಈ ಹೆಂಗಸು ಆಗಾಗ ಕೆಂಪು ಉಗುರುಬಣ್ಣದ ಶೀಶೆ ಯಾಕೆ ಕೊಳ್ಳುತ್ತಾರೆಂದು ಔಷಧಿ ಅಂಗಡಿಯವರ ಹೆಂಡತಿ ತಲೆ ಕೆಡಿಸಿಕೊಂಡಿದ್ದು ಸೊಸೆಗೆ ನೆನಪಾಗಿ ಚಹಾ ನೆತ್ತಿಗೇರಿತು.

"ದಾರ ಇಷ್ಟು ತೆಳ್ಳಗಿದ್ಯಲ್ಲ ಅತ್ತೆ, ಕಿತ್ಕೊಂಡ್ರೆ?"

"ಕಿತ್ಕೊಳ್ಳಲಿ ಅಂತಲೇ. ಗಟ್ಟಿ ದಾರ ಕೊಂಬೆಗೆ ಸಿಕ್ಕಿಕೊಂಡ್ರೆ ಕಡ್ಡಿ ಉಳಿಯತ್ತೆ, ಕತ್ತು ಹೋಗತ್ತೆ."

ಎದೆಯ ಜೇಬಿನಲ್ಲಿ ಲೈಟರ್, ಯಾಕೆಂದರೆ ಚಳಿಯಲ್ಲಿ ಅದು ಹೊತ್ತುವುದಿಲ್ಲ, ಮೈಶಾಖ ಬೇಕು. ಪ್ಯಾಂಟಿನ ಹಿಂಜೇಬು ಪ್ರಯೋಜನವಿಲ್ಲ, ಕೂತಾಗ ಜಾರುತ್ತದೆ, ಇಲ್ಲವೇ ಒಡೆಯುತ್ತದೆ. ಸೊಂಟದಲ್ಲಿ ಮೇಣದಲ್ಲಿ ಅದ್ದಿದ ಬೆಂಕಿಕಡ್ಡಿಗಳ ಡಬ್ಬಿ. ಜೊತೆಗೆ ಮಾತ್ರೆಯ ಖಾಲಿ ಕೊಳವೆಯಲ್ಲಿ ವ್ಯಾಸಲೀನ್ ಹಚ್ಚಿ ತುರುಕಿದ ಹತ್ತಿ, ಯಾಕೆಂದರೆ ಬರಿಯ ಕಿಡಿಗೆ ಹೊಟ್ಟೆ ತುಂಬುವುದಿಲ್ಲ, ಮೊದಲ ತುತ್ತು ಯಾರಾದರೂ ಉಣ್ಣಿಸಬೇಕು. ಬೂಟಿನಲ್ಲಿ ಇನ್ನೊಂದು ಕಿಡಿಕಡ್ಡಿ, ಯಾಕೆಂದರೆ ಹೊಳೆ ಕೋಟು ಕಿತ್ತುಕೊಂಡೀತು, ಬೂಟು ಕೀಳುವುದು ಕಷ್ಟ. ಮತ್ತೆ ಬೆನ್ನಿಗೆ ಹಾಕುವ ಚೀಲ?

"ಚೀಲದಲ್ಲಿಟ್ಟದ್ದು ಚೀಲದ್ದು, ಮೈಮೇಲಿದ್ದದ್ದು ನಮ್ದು," ಎಂದರು ಅತ್ತೆ.

"ಅದೆಲ್ಲ ಸರಿ. ಆದ್ರೆ ಯಾಕೆ?" ಎಂದು ಸೊಸೆ ಕೊನೆಗೂ ಕೇಳಿಯೇಬಿಟ್ಟಳು. ಎಲ್ಲಿ, ಹೇಗೆ ಎಂಬುದಕ್ಕೆ ಇಷ್ಟು ಧಾರಾಳವಾಗಿದ್ದ ಅತ್ತೆ ಈ ಪ್ರಶ್ನೆಗೆ ಬಾಗಿಲು ಮುಂದೆ ಮಾಡಿದರು. "ಹೊರಗೆ ಹೋಗೋರು ಛತ್ರಿ ಒಯ್ಯಲ್ವಾ? ಹಾಗೇ ಇದೂನೂ," ಎಂದು ಲೋಟ ತೊಳೆಯಲು ಎದ್ದರು. ಔಷಧಿ ಅಂಗಡಿಯವರಿಗೆ ಸೊಳ್ಳೆ ಓಡಿಸಲು ಎಂದಿದ್ದರಂತೆ, ಮಗನಿಗೆ ಚಿಕ್ಕಂದಿನಲ್ಲಿ ಹುಲಿ ಹೆದರಿಸಲು ಎಂದಿದ್ದರಂತೆ. ಅವರು ಹೋಗುವ ಗುಡ್ಡಗಳಲ್ಲಿ ಮೊಲಕ್ಕಿಂತ ದೊಡ್ಡ ಪ್ರಾಣಿ ಕಂಡವರಿರಲಿಲ್ಲ.

ಸೊಸೆ ಆಗಲೇ ನಿಶ್ಚಯಿಸಿದ್ದಳು, ಅತ್ತೆಗೆ ಹೊಸ ಕೋಟು ತಾನೇ ಹೊಲಿಯಬೇಕೆಂದು. ಮೇಣ ಕುಡಿಸಿದ ದಪ್ಪ ಬಟ್ಟೆ ತರಿಸಿದಳು. ಎದೆಯಲ್ಲಿ, ಸೊಂಟದಲ್ಲಿ ಒಂದರೊಳಗೊಂದು ಜೇಬು, ಪ್ರತಿ ಜೇಬಿಗೂ ಎರಡು ಪದರದ ಮುಚ್ಚಳ, ಮುಚ್ಚಳಕ್ಕೆ ಸಾಲಾಗಿ ಪುಟ್ಟ ಗಟ್ಟಿ ಗುಂಡಿಗಳು, ಗುಂಡಿಗೆ ಕೂದಲೆಳೆಯಷ್ಟೂ ಸಡಿಲವಿಲ್ಲದ ಕಾಜಾ. ಹನಿ ನೀರು ಒಳಹೋಗುವ ಹಾಗಿಲ್ಲ, ಒಳಗಿದ್ದದ್ದು ಹೊರಗೆ ಜಾರುವ ಹಾಗಿಲ್ಲ. ಅವಳ ಕೈ ಅಷ್ಟು ಸೊಗಸಾಗಿ ಎಂದೂ ಓಡಿರಲಿಲ್ಲ. ಗಿರಾಕಿಗಳು ಮುಟ್ಟಿ ಮುಟ್ಟಿ ನೋಡಿದರು. ಅತ್ತೆ ತೊಟ್ಟುಕೊಂಡು, ಕನ್ನಡಿಯ ಕಡೆಗೂ ನೋಡದೆ, ಮುಚ್ಚಳಗಳ ಮೇಲೆ ಕೈಯಾಡಿಸಿ, "ಜೇಬು ಅಂದ್ರೆ ಇದು" ಎಂದರು. ಒದ್ದೆಯಾದರೆ ಎಂದು ಕೇಳಲೇ ಇಲ್ಲ. ಸೊಸೆ ಆ ದಿನವೆಲ್ಲ ನೆಲದ ಮೇಲೆ ನಡೆಯಲಿಲ್ಲ.

ಹೊಳೆಯ ಕೆಲಸಕ್ಕೆ ಒಬ್ಬರೇ ಹೋಗಬಾರದೆಂಬುದು ಕಚೇರಿಯ ಕಟ್ಟುನಿಟ್ಟು. ಚಳಿಗಾಲ ಕಾಲಿಡುತ್ತಿದ್ದ ದಿನಗಳಲ್ಲಿ ಜೊತೆಗಾರನಿಗೆ ಜ್ವರ ಬಂತು. ಮೇಲಿನ ಕಣಿವೆಯ ಕಂಬಕ್ಕೆ ಕಸ ಸಿಕ್ಕಿ ಅಂಕಿ ಕಾಣುತ್ತಿಲ್ಲವೆಂದು ಸುದ್ದಿಯೂ ಬಂತು. "ನಾನು ಬರ್ತೀನಿ ಅತ್ತೆ" ಎಂದಳು ಸೊಸೆ. "ಅಂಗಡಿ?" "ಒಂದಿನ ಮುಚ್ಚಿದ್ರೆ ಊರೇನು ಬೆತ್ತಲೆ ಓಡಾಡಲ್ಲ ಬಿಡಿ."

ಜೀಪು ಮಣ್ಣುರಸ್ತೆ ಮುಗಿಯುವವರೆಗೆ ಬಂತು. ಡ್ರೈವರ್ ಸೀಟು ಹಿಂದಕ್ಕೆ ಒರಗಿಸಿ, "ನೀವು ಬರೋವರೆಗೂ ನಾನು ಇಲ್ಲೇ" ಎಂದು ಟೋಪಿ ಮುಖಕ್ಕೆಳೆದುಕೊಂಡ. ಅಲ್ಲಿಂದ ಎರಡು ದಿಣ್ಣೆ ಹತ್ತಿಳಿದರೆ ಕಂಬ. ದಾರಿಯುದ್ದಕ್ಕೂ ಸೊಸೆ ಬೆರಗಿನಿಂದ ನೋಡಿದ್ದು ಅತ್ತೆಯ ನಡಿಗೆಯನ್ನು. ಊರಿನ ಬೀದಿಯಲ್ಲಿ ನಗು ಬರಿಸುತ್ತಿದ್ದ ಅದೇ ಅಡ್ಡ ಹೆಜ್ಜೆ, ಅದೇ ಮುಂಚಾಚಿದ ಭುಜ, ಇಲ್ಲಿ ಜಾರುವ ಕಲ್ಲುಗಳ ನಡುವೆ ಎಂಥ ಸಹಜ ಲಾವಣ್ಯದಿಂದ ಸಾಗುತ್ತಿತ್ತೆಂದರೆ, ಅವರು ಇಷ್ಟು ವರ್ಷ ತಪ್ಪು ನೆಲದ ಮೇಲೆ ವಾಸವಾಗಿದ್ದರೇನೋ ಎನಿಸಿತು.

ಕಂಬಕ್ಕೆ ಒಂದು ಮರದ ಬುಡವೇ ಸಿಕ್ಕಿಕೊಂಡಿತ್ತು. ಅತ್ತೆ ಸೊಂಟಮಟ್ಟದ ನೀರಿಗಿಳಿದು, ಕೊಂಬೆಗಳನ್ನು ಒಂದೊಂದಾಗಿ ಬಿಡಿಸಿ ಹರಿವಿಗೆ ಬಿಡುತ್ತಿದ್ದರು. ಸೊಸೆ ದಡದಲ್ಲಿ ಹಗ್ಗ ಹಿಡಿದಿದ್ದಳು. ಕೊನೆಯ ಕೊಂಬೆ ಬಿಟ್ಟುಕೊಂಡ ರಭಸಕ್ಕೆ ಬುಡ ಇದ್ದಕ್ಕಿದ್ದಂತೆ ತಿರುಗಿ ಅವರ ಕಾಲಿಗೆ ಬಡಿಯಿತು. ತಲೆ ನೀರೊಳಗೆ ಹೋಯಿತು, ಬಂತು, ಮತ್ತೆ ಹೋಯಿತು. ಹಗ್ಗ ಸೊಸೆಯ ಅಂಗೈ ಸುಲಿದುಕೊಂಡು ಓಡಿತು. ಅವಳು ಬಂಡೆಗೆ ಕಾಲುಕೊಟ್ಟು ಕೂತುಬಿಟ್ಟು, ಯಾವ ದೇವರನ್ನು ಕರೆದಳೋ, ಎಳೆದಳು. ಅತ್ತೆ ದಡಕ್ಕೆ ಬಂದರು. ಬೆನ್ನಚೀಲ, ಅದರೊಳಗಿನ ಒಣ ಬಟ್ಟೆ, ಬಿಸಿ ಚಹಾದ ಫ್ಲಾಸ್ಕು ಹೊಳೆಯ ಪಾಲಾದವು. ಬಲಗಾಲು ಊರಲಿಕ್ಕೆ ಬರುತ್ತಿರಲಿಲ್ಲ. ಫೋನಿಗೆ ಆ ಕಣಿವೆಯಲ್ಲಿ ಸಿಗ್ನಲ್ ಇಲ್ಲ. ದಿಣ್ಣೆಯ ಮೇಲಿಂದ ಮಂಜು ಇಳಿಯತೊಡಗಿತ್ತು, ಗಾಳಿ ಎದ್ದಿತ್ತು.

ಉಪಕರಣ ಇಡಲೆಂದು ಕಟ್ಟಿದ್ದ, ಅರ್ಧ ಮಾಡು ಹಾರಿಹೋದ ಮರದ ಗೂಡೊಂದು ಪಕ್ಕದಲ್ಲಿತ್ತು. ಸೊಸೆ ಅವರನ್ನು ಅದರ ಮರೆಗೆ ಎಳೆದು ತಂದು, ಒದ್ದೆ ಅಂಗಿ ಬಿಚ್ಚಿಸಿ, ತನ್ನ ಸ್ವೆಟರ್ ತೊಡಿಸಿ, ಮೇಲೆ ಅವರು ತೊಟ್ಟುಬಂದಿದ್ದ ಹೊಸ ಕೋಟನ್ನೇ ಹೊದಿಸಿದಳು. ಅತ್ತೆಯ ಹಲ್ಲು ಕಟಕಟನೆ ಕುಟ್ಟುತ್ತಿದ್ದವು. ಅವರು ಅಭ್ಯಾಸಬಲದಿಂದ ಕೊರಳಿಗೆ ಕೈ ಒಯ್ದರು. ದಾರವಿರಲಿಲ್ಲ, ಕಿತ್ತುಕೊಳ್ಳಲೆಂದೇ ಕಟ್ಟಿದ್ದು ಕಿತ್ತುಕೊಂಡು ಹೋಗಿತ್ತು. ಎದೆಯ ಜೇಬಿಗೆ ಕೈ ಹಾಕಿದರು. ಗುಂಡಿಯ ಮೇಲೆ ಬೆರಳು ಜಾರಿತು. ಇನ್ನೊಮ್ಮೆ ಜಾರಿತು. ಮರಗಟ್ಟಿದ ಬೆರಳಿಗೆ ಆ ಪುಟ್ಟ ಗುಂಡಿ ಎಲ್ಲಿದೆಯೆಂಬುದೇ ತಿಳಿಯುತ್ತಿರಲಿಲ್ಲ. ಹನಿ ನೀರೂ ಒಳಹೋಗದಂತೆ, ಕೂದಲೆಳೆಯಷ್ಟೂ ಸಡಿಲವಿಲ್ಲದಂತೆ ತಾನೇ ಕಾಜಾ ಹೊಲಿದದ್ದನ್ನು ಸೊಸೆ ಕಣ್ಣಾರೆ ನೋಡಿದಳು.

"ಇರ್ಲಿ ಬಿಡು ಮಗು," ಎಂದರು ಅತ್ತೆ, ತೊದಲುತ್ತ. "ಅಷ್ಟೇನು ಚಳಿ ಇಲ್ಲ ಈಗ."

ಅವರನ್ನು ಅಷ್ಟು ಕಾಲ ಬಲ್ಲ ಸೊಸೆಗೆ ನಡುಕ ಹುಟ್ಟಿಸಿದ್ದು ಈ ಮಾತು. ಯಾವುದನ್ನೂ ಇರಲಿ ಎಂದು ಬಿಟ್ಟವರಲ್ಲ ಅವರು. ಡ್ರೈವರನ್ನು ಕರೆಯಲು ಓಡಿದರೆ ತಾನು ಬರುವಷ್ಟರಲ್ಲಿ ಏನಾಗಿರುತ್ತದೋ; ಕೂತರೆ ಇಬ್ಬರಿಗೂ ಗತಿಯಿಲ್ಲ. ಮೊದಲು ಬೆಂಕಿ.

ದರ್ಜಿಯ ಸೊಂಟದಲ್ಲಿ ಸದಾ ಇರುವ ಪುಟ್ಟ ಕತ್ತರಿ ತೆಗೆದು, ತಾನು ದಿನಗಟ್ಟಲೆ ಕೂತು ಹೊಲಿದ ಗುಂಡಿಗಳನ್ನು ಕಚಕಚನೆ ಕತ್ತರಿಸಿ ಎಸೆದಳು. ಮುಳುಗಿದಾಗ ಜೇಬಿಗೂ ನೀರು ನುಸುಳಿತ್ತು, ಲೈಟರಿನ ಚಕ್ರ ತಿರುಗಿತೇ ಹೊರತು ಕಿಡಿ ಬರಲಿಲ್ಲ. ಸೊಂಟದ ಡಬ್ಬಿ ಪೆಟ್ಟು ತಿಂದು ಬಾಯಿಬಿಟ್ಟಿತ್ತು, ಕಡ್ಡಿಗಳು ಮುದ್ದೆಯಾಗಿದ್ದವು. ಹತ್ತಿಯ ಕೊಳವೆ ಮಾತ್ರ ಒಣಗಿತ್ತು. ಇನ್ನುಳಿದದ್ದು ಬೂಟು, ಅದೂ ಊದಿಕೊಂಡ ಕಾಲಿನದು. ಅವಳು ಲೇಸು ಕತ್ತರಿಸಿ ಬೂಟು ಸಡಿಲಿಸುವಾಗ ಅತ್ತೆ ನೋವಿಗೆ ಕೂಗಿದರು. ಕೂಗಿದ್ದೇ ಒಳ್ಳೆಯದಾಯಿತು, ಆ ಕೂಗಿನಲ್ಲಿ ಅವರಿಗೆ ಅರಿವು ಮರಳಿತು. ಕಿಡಿಕಡ್ಡಿ ಸಿಕ್ಕಿತು.

ಗೂಡಿನೊಳಗಿನ ಒಣ ಚಕ್ಕೆ, ತರಗೆಲೆ ಗುಡ್ಡೆ ಹಾಕಿ, ಕತ್ತರಿಯ ಬೆನ್ನಿನಿಂದ ಕಡ್ಡಿ ಗೀರಿದಳು. ಕಿಡಿ ಸುರಿಯಿತು, ಹತ್ತಿಯ ಉಂಡೆಯ ಮೇಲೆ ಬಿದ್ದು ಸತ್ತಿತು. ಮತ್ತೆ ಗೀರಿದಳು. ಪ್ರತಿ ಸಲ ಕತ್ತರಿಯ ಮೊನೆ ತಗಲಿ ತರಗೆಲೆಯ ಗುಡ್ಡೆಯೇ ಚೆಲ್ಲುತ್ತಿತ್ತು.

"ಕತ್ತರಿ ಅಲ್ಲೇ ಇರ್ಲಿ," ಎಂದರು ಅತ್ತೆ, ಒಂದೊಂದು ಪದವನ್ನೂ ಎಲ್ಲಿಂದಲೋ ಹೊತ್ತು ತಂದವರಂತೆ. "ಕಡ್ಡೀನ... ಹಿಂದಕ್ಕೆ ಎಳಿ. ಹತ್ತಿ... ಬಿಡಿಸು. ಉಂಡೆ ಕಟ್ಟಿದ್ರೆ ಉಸಿರಾಡಲ್ಲ ಅದು."

ಹತ್ತಿ ಬಿಡಿಸುವುದು ಯಾರೂ ಅವಳಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಸುಲಿದ ಅಂಗೈಯ ಉರಿ ಮರೆತು, ಎಳೆಯಿಂದ ಎಳೆಯನ್ನು ಬೇರ್ಪಡಿಸಿ, ಹೊಗೆಯಂತೆ ಹಗುರವಾದ ಒಂದು ಗೂಡು ಮಾಡಿದಳು. ಕಡ್ಡಿಯನ್ನು ಹಿಂದಕ್ಕೆಳೆದಳು. ಹತ್ತಿಯ ನಡುವೆ ಮಿಂಚುಹುಳುವಿನಷ್ಟು ಬೆಳಕು ಕೂತಿತು, ಹಳದಿಯಾಯಿತು, ಎದ್ದು ನಿಂತಿತು. ಅವಳು ಉಸಿರು ಬಿಡಲಿಲ್ಲ. ಚಕ್ಕೆಯೊಂದು ಚಟ್ಟೆಂದಿತು. ಆಮೇಲೆ ಅವಳು ಅಳಲಿಕ್ಕೆ ಶುರುಮಾಡಿದಳು, ಅಳುತ್ತಲೇ ಗೂಡಿನ ಹಳೆಯ ಹಲಗೆಗಳನ್ನು ಕಿತ್ತು ತಂದು ಬೆಂಕಿಗೆ ಉಣ್ಣಿಸಿದಳು.

ಹೊಗೆ ಮಂಜಿಗಿಂತ ಕಪ್ಪಾಗಿ ಮೇಲೆದ್ದಿತು. ಅತ್ತೆಯ ಮುಖಕ್ಕೆ ಬಣ್ಣ ಮರಳಿದ ಮೇಲೆ, ಕೇಳದೆಯೇ, ಅವರು ಹೇಳತೊಡಗಿದರು.

"ಕೆಲಸಕ್ಕೆ ಸೇರಿದ ಹೊಸತು. ಹೀಗೇ ಒಂದು ಹೊಳೆ, ಹೀಗೇ ಬಿದ್ದೆ. ಬೆಂಕಿಪೊಟ್ಟಣ ಚೀಲದಲ್ಲಿತ್ತು, ಚೀಲ ಹೋಯ್ತು. ಕುರಿ ಹೊಡ್ಕೊಂಡು ಒಬ್ಬ ಹೆಂಗಸು ಬಂದ್ಳು. ಸುರಿಯೋ ಮಳೆ, ಅವಳೂ ನನ್ನಷ್ಟೇ ತೊಯ್ದಿದ್ಳು. ನನ್ನನ್ನ ನೋಡಿದ್ಳು, ತುರುಬು ಬಿಚ್ಚಿದ್ಳು, ಅದರೊಳಗಿಂದ ಮೇಣದ ಬಟ್ಟೇಲಿ ಸುತ್ತಿದ ಕಡ್ಡಿ ತೆಗೆದ್ಳು. ನೆತ್ತಿ ಮೇಲಿಂದ! ಲೋಕವೆಲ್ಲ ನೆಂದಿದ್ರೂ ಅಲ್ಲಿ ಒಣಗಿತ್ತು. ಹೊತ್ತಿಸಿ ಕೊಟ್ಟು ಒಂದೇ ಮಾತು ಕೇಳಿದ್ಳು, 'ನಿನ್ನ ಮೈಮೇಲೆ ಎಲ್ಲೂ ಇಟ್ಕೊಂಡಿಲ್ವಾ?' ಅಂತ. ನಾನು ಹೆಸರು ಕೇಳಬೇಕು ಅಂದ್ಕೊಳ್ಳೋ ಹೊತ್ತಿಗೆ ಕುರಿ ಸಮೇತ ಗುಡ್ಡ ದಾಟಿದ್ಳು." ಉರಿಯಿಂದ ಜಾರಿದ ಚಕ್ಕೆಯೊಂದನ್ನು ಮತ್ತೆ ಒಳಗೆ ತಳ್ಳಿದರು. "ಅವತ್ತಿಂದ ಹುಡುಕ್ತಾನೇ ಇದ್ದೀನಿ, ಮೈಮೇಲೆ ಅಷ್ಟು ಒಳ್ಳೇ ಜಾಗ ಇನ್ನೆಲ್ಲಿದೆ ಅಂತ."

"ನಿಮ್ಮ ತುರುಬಲ್ಲೇ ಇಡಬಹುದಿತ್ತಲ್ಲ ಅತ್ತೆ?"

"ಈ ಕೂದಲಲ್ಲಿ ಹೇರ್‌ಪಿನ್ನೇ ನಿಲ್ಲಲ್ಲ, ಬೆಂಕಿ ನಿಲ್ಲತ್ತಾ?"

ಇಬ್ಬರೂ ನಕ್ಕರು. ಇದನ್ನು ಇಷ್ಟು ವರ್ಷ ಯಾರಿಗೂ ಯಾಕೆ ಹೇಳಲಿಲ್ಲವೆಂದು ಸೊಸೆ ಕೇಳಿದಳು. "ಬಿದ್ದೆ ಅಂತ ಹೇಳಿದ್ರೆ ಹೋಗಬೇಡ ಅಂತಿದ್ರು," ಎಂದರು ಅತ್ತೆ. ಅಷ್ಟು ಸರಳವಾಗಿತ್ತು ಅದು. ಸೊಸೆ ತಲೆ ತಗ್ಗಿಸಿ, "ಗುಂಡಿ ನನ್ನ ತಪ್ಪು ಅತ್ತೆ. ನೋಡೋಕೆ ಚೆನ್ನಾಗಿರಲಿ ಅಂತ ಹೊಲಿದೆ" ಎಂದಾಗ ಅವರು ಒಪ್ಪಲಿಲ್ಲ. "ಗುಂಡಿ ನಿಂದು, ಬೆರಳು ನಂದು. ಕಡ್ಡಿ ಒದ್ದೆಯಾದ್ರೆ, ಹತ್ತಿ ಒದ್ದೆಯಾದ್ರೆ ಅಂತೆಲ್ಲ ಕೇಳ್ಕೊಂಡೆ. ನಾನೇ ಒದ್ದೆಯಾದ್ರೆ ಅಂತ ಕೇಳ್ಕೊಳ್ಳಲೇ ಇಲ್ಲ ನೋಡು."

ಹೊಗೆ ಕಂಡು ಅನುಮಾನಗೊಂಡ ಡ್ರೈವರ್ ಕತ್ತಲಾಗುವ ಮುನ್ನವೇ ಏದುಸಿರು ಬಿಡುತ್ತ ಬಂದ. ಬೆನ್ನಮೇಲೆ ಹೊತ್ತು ಜೀಪಿಗೆ ಸಾಗಿಸಿದ. ದಾರಿಯುದ್ದಕ್ಕೂ ಅತ್ತೆ ಅವನ ಕಿವಿಯಲ್ಲಿ ಹೆಜ್ಜೆ ಎಲ್ಲಿಡಬೇಕೆಂದು ಹೇಳುತ್ತಲೇ ಇದ್ದರಂತೆ.

ಕಾಲು ನೆಟ್ಟಗಾಗಲು ಚಳಿಗಾಲವೆಲ್ಲ ಹಿಡಿಯಿತು. ಆ ಬಿಡುವಿನಲ್ಲಿ ಮನೆ ಒಂದು ಪ್ರಯೋಗಶಾಲೆಯಾಯಿತು. ಸೊಸೆ ಪುಟ್ಟ ಗುಂಡಿಗಳ ಬದಲು ಹೆಬ್ಬೆರಳಿನಷ್ಟು ದಪ್ಪದ ಮರದ ತುಂಡು, ಅದಕ್ಕೆ ಅಗಲವಾದ ದಾರದ ಕುಣಿಕೆ ಹಚ್ಚಿದಳು, ಕೈ ಸೋತರೆ ಹಲ್ಲಿನಿಂದಲಾದರೂ ಎಳೆಯುವ ಹಾಗೆ. ಬೇಸಿನ್ನಿನಲ್ಲಿ ಮಂಜುಗಡ್ಡೆ ಸುರಿದು ಗಂಡನ ಕೈಗಳನ್ನು ಅದರಲ್ಲಿ ಅದ್ದಿಸಿ, "ಈಗ ತೆಗೀರಿ ನೋಡೋಣ" ಎನ್ನುವಳು. ಲೆಕ್ಕದ ಮೇಷ್ಟ್ರು ಕೋಟಿನ ಕುಣಿಕೆಯನ್ನು ಹಲ್ಲಲ್ಲಿ ಕಚ್ಚಿಕೊಂಡು ತಲೆ ಆಡಿಸುವುದನ್ನು ಕಿಟಕಿಯಿಂದ ಕಂಡ ಔಷಧಿ ಅಂಗಡಿಯವರು, ಈ ಸಲ ತಲೆ ತಗ್ಗಿಸಲಿಲ್ಲ, ಅಂಗಡಿ ಬಿಟ್ಟು ಓಡಿ 'ಏನಾಯ್ತು' ಎಂದು ಕೇಳಲು ಬಂದರು. ಬಂದವರ ಕೈಯನ್ನೂ ಬೇಸಿನ್ನಿಗೆ ಅದ್ದಿಸಲಾಯಿತು.

ಇದಕ್ಕಿಂತ ದೊಡ್ಡ ಬದಲಾವಣೆ ಅತ್ತೆಯದು. ಅಷ್ಟು ವರ್ಷ ಗುಟ್ಟಾಗಿಟ್ಟಿದ್ದ ಬೆಂಕಿಯ ವಿಳಾಸಗಳನ್ನು ಅವರು ಕಂಡಕಂಡವರಿಗೆ ಸಾರತೊಡಗಿದರು. ಜೇಬಿನ ಮುಚ್ಚಳಗಳ ಮೇಲೆ ದೂರದಿಂದ ಕಾಣುವ ಹಾಗೆ ಕೆಂಪು ದಾರದ ಗುರುತು ಹಾಕಿಸಿದರು. ಜೊತೆಗಾರನಿಗೆ, ಡ್ರೈವರಿಗೆ, ಕಚೇರಿಯಲ್ಲಿ ಕಸ ಗುಡಿಸುವಾಕೆಗೆ, "ಕೊರಳು, ಎಡ ಎದೆ, ಬಲ ಸೊಂಟ, ಬಲ ಬೂಟು. ನಾನು ಮಾತಾಡದೆ ಹೋದ್ರೆ ಕೇಳಬೇಡ, ತೆಗಿ" ಎಂದು ಪಾಠ ಒಪ್ಪಿಸಿದರು. ಒಮ್ಮೆ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನಿಗೂ ಹೇಳಲು ಹೋದಾಗ ಆತ ಮುಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟ. ನಿವೃತ್ತಿಯ ದಿನದವರೆಗೂ ಹೊಳೆಗೆ ಇಳಿದರು. ಬೇಡವೆನ್ನುವ ಹಕ್ಕು ಮಗನಿಗಿತ್ತು, ಅವನು ಬಾಯಿ ತೆರೆಯುವ ಮುನ್ನ ಸೊಸೆ ಅವನ ಕಡೆ ಒಂದು ನೋಟ ನೋಡಿದಳು, ಅಷ್ಟೇ.

ಇಂಥವರನ್ನು ಲೋಕ ಸುಲಭವಾಗಿ ಅಂಜುಬುರುಕರ ಸಾಲಿಗೆ ಸೇರಿಸಿಬಿಡುತ್ತದೆ. ಸದಾ ಕೇಡು ಶಂಕಿಸುವವರು, ಬಿಸಿಲಿನ ನಡುವೆ ಮಳೆಯ ಮಾತಾಡುವವರು ಎಂದು ನಗುತ್ತದೆ. ಆದರೆ ನಿಜವಾಗಿ ಅಂಜಿದವರು ಹೊರಡುವುದೇ ಇಲ್ಲ. ಬಾಗಿಲು ಭದ್ರಪಡಿಸಿ ಒಳಗೆ ಬೆಚ್ಚಗಿರುತ್ತಾರೆ. ಇವರೋ ಆಗಬಹುದಾದ ಕೇಡನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿ, ಅದಕ್ಕೊಂದು ಜೇಬು ಹೊಲಿದು, ಆಮೇಲೆ ನಿಶ್ಚಿಂತೆಯಿಂದ ಹೊಳೆಗಿಳಿಯುವವರು. ಅವರ ಲೆಕ್ಕಾಚಾರ ಎಷ್ಟೋ ಸಲ ತಪ್ಪುತ್ತದೆ. ನೀರು ಅವರಿಗಿಂತ ಹಳೆಯದು, ಅದಕ್ಕೆ ಗೊತ್ತಿರುವ ದಾರಿಗಳು ಹೆಚ್ಚು. ಆದರೂ ಅವರು ಹೊರುವುದನ್ನು ಬಿಡುವುದಿಲ್ಲ. ಯಾಕೆಂದು ಕೇಳಿದರೆ ಛತ್ರಿ, ಸೊಳ್ಳೆ, ಹುಲಿ ಎಂದು ಏನಾದರೊಂದು ಹೇಳಿ ಎದ್ದುಹೋಗುತ್ತಾರೆ. ನಿಜ ಹೇಳಬೇಕೆಂದರೆ ಅವರಿಗೂ ಪೂರ್ತಿ ಗೊತ್ತಿರುವುದಿಲ್ಲ, ತಾವು ಹೊತ್ತ ಕಿಡಿಯಲ್ಲಿ ತಮ್ಮ ಪಾಲು ಎಷ್ಟು, ಇನ್ನೂ ಎದುರಾಗದ ಯಾರದೋ ಪಾಲು ಎಷ್ಟು ಎಂಬುದು.